ಶೇಷ ಉಳಿಸದ ದೊಡ್ಡಪ್ಪ

ನಮ್ಮ ದೊಡ್ಡಪ್ಪನ ಹತ್ತಿರ ಇಪ್ಪತ್ಮೂರು ಕೋಟಿ ಇಪ್ಪತ್ತೇಳು ಲಕ್ಷದ ತೊಂಬತ್ತೆರಡು ಸಾವಿರದ ಐನೂರ ಅರವತ್ತು ಇದೆ. ತಡೆಯಿರಿ, ಕೈಸಾಲ ಕೇಳಲು ನಮ್ಮೂರು ಧನಗೆರೆಯ ಬಸ್ಸು ಹತ್ತಬೇಡಿ! ಅದು ರೂಪಾಯಿಯಲ್ಲ, ಬರೀ ಸಂಖ್ಯೆ. ಹನೂರಿನ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಅವರಿಗೆ ಹತ್ತಿದ ಒಂದೇ ಚಟ. ಕೊಟ್ಟಿಗೆಯ ಗೋಡೆ, ಮೊಪೆಡ್ಡಿನ ಹಿಂಭಾಗ, ಕೊನೆಗೆ ಗ್ಯಾಸ್ ಸಿಲಿಂಡರನ್ನೂ ಬಿಡದೆ ಅದನ್ನು ಬರೆದಿದ್ದಾರೆ. ಸಿಲಿಂಡರ್ ಬದಲಾದಾಗಲೆಲ್ಲ ಮತ್ತೆ ಬರೆಯುತ್ತಾರೆ.

"ಅಂಥಾದ್ದೇನೈತೆ ಅದ್ರಲ್ಲಿ ದೊಡ್ಡಪ್ಪ?"

"ಒಂದ್ರಿಂದ ಇಪ್ಪತ್ತೆರಡ್ರ ಗಂಟ ಯಾವುದ್ರಲ್ಲಾದ್ರೂ ಭಾಗ ಮಾಡ್ಲಾ, ಶೇಷ ಉಳಿಯಲ್ಲ. ಇದ್ಕಿಂತ ಚಿಕ್ಕ ಸಂಖ್ಯೆ ಯಾವುದ್ಕೂ ಆ ತಾಕತ್ತಿಲ್ಲ ಕಣ್ಲಾ!"

ನಾನು ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಸರಿಯಾಗಿ ಮೂವತ್ತೈದು ತೆಗೆದವನು. ಅರ್ಥವಾದವನಂತೆ ತಲೆಯಾಡಿಸಿದೆ.

ನನಗೆ ಹೆಣ್ಣು ನೋಡಲು ಯಳಂದೂರಿಗೆ ಹೋದಾಗ ಹಿರಿಯರೆಂದು ಇವರನ್ನೇ ಮುಂದೆ ಕೂರಿಸಿದೆವು. ಉಪ್ಪಿಟ್ಟು ಬರುವ ಮೊದಲೇ ಸಂಖ್ಯೆ ಹೊರಬಂತು! ಹುಡುಗಿಯ ತಂದೆ ಸಾವಧಾನವಾಗಿ ಎಲ್ಲ ಕೇಳಿಸಿಕೊಂಡು, "ಇಪ್ಪತ್ಮೂರ್ರಲ್ಲಿ ಭಾಗ ಓಯ್ತದಾ ಸಾ?" ಅಂದರು. ದೊಡ್ಡಪ್ಪನ ಮುಖ ಇಳಿದುಹೋಯಿತು.

"ಇಲ್ಲ. ಅದಿನೈದು ಉಳೀತದೆ."

ಆ ಸಂಬಂಧ ಕುದುರಲಿಲ್ಲ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ದೊಡ್ಡಪ್ಪನ ಕಣ್ಣು ಒದ್ದೆಯಾಗಿತ್ತು. ಪಾಪ, ನನ್ನ ಮದುವೆಯ ಚಿಂತೆ ಎಂದುಕೊಂಡೆ. "ಅದಿನೈದು ಉಳೀತದಲ್ಲಾ ಮಗಾ" ಅಂದರು! ಅಲ್ಲ ಸ್ವಾಮಿ, ಇಪ್ಪತ್ಮೂರರಿಂದಲೇ ಶುರುವಾಗುವ ಸಂಖ್ಯೆ ಇಪ್ಪತ್ಮೂರರಿಂದ ಭಾಗವಾಗುವುದಿಲ್ಲ ಎಂದರೆ ಇದು ಯಾವ ನ್ಯಾಯ? ನನಗಂತೂ ಇವತ್ತಿಗೂ ತಿಳಿದಿಲ್ಲ.

ಅದಕ್ಕಿಂತ ತಿಳಿಯದ್ದು ಹುಣಸೆಹಣ್ಣಿನ ವಿಷಯ. ಹೊಲದ ಬದುವಿನ ಹುಣಸೆಮರ ಅಣ್ಣತಮ್ಮಂದಿರು ನಾಲ್ವರಿಗೂ ಸೇರಿದ್ದು. ಪ್ರತಿ ವರ್ಷ ಹಣ್ಣು ಬಡಿದ ಮೇಲೆ ಗುಡ್ಡೆ ಹಾಕಿ ಪಾಲು ಮಾಡುವುದು ದೊಡ್ಡಪ್ಪ. ಅದು ಹಿರಿಯನ ಹಕ್ಕು. ಅವರಿಗೆ ಅದರ ಮೇಲೆ ಪ್ರಾಣ. ಆದರೆ ಮೂರು ವರ್ಷದಿಂದ ಈ ಲೆಕ್ಕದ ಮೇಷ್ಟ್ರು ನಾಲ್ಕು ಜನಕ್ಕೆ ಐದು ಗುಡ್ಡೆ ಹಾಕುತ್ತಿದ್ದಾರೆ! ಪ್ರತಿ ಸಲವೂ ನಾವು ನಕ್ಕು, ಐದನೆಯದನ್ನು ಒಡೆದು ನಾಲ್ಕಕ್ಕೂ ಸೇರಿಸುತ್ತಿದ್ದೆವು. ತಲೆ ಕೆಟ್ಟಿದೆ ಎಂದು ಮನೆಯಲ್ಲಿ ಪಿಸುಮಾತು ಶುರುವಾಗಿತ್ತು. "ಈ ಸಲವೂ ಐದಾದ್ರೆ ಇನ್ಮ್ಯಾಕೆ ಪಾಲು ಮಾಡೋನು ನಾನೇ" ಎಂದು ಚಿಕ್ಕಪ್ಪ ಮೊದಲೇ ಸಾರಿಬಿಟ್ಟಿದ್ದರು.

ಈ ಸಲ ನಾವೆಲ್ಲ ಉಸಿರು ಬಿಗಿಹಿಡಿದು ಎಣಿಸಿದೆವು. ಒಂದು, ಎರಡು, ಮೂರು, ನಾಲ್ಕು... ಐದು!

"ಅಣ್ಣೋ, ಇಪ್ಪತ್ತೆರಡು ಜನಕ್ಕೆ ಅಂಚೋನಿಗೆ ನಾಕು ಜನಕ್ಕೆ ಅಂಚಕಾಗಲ್ವಾ?" ಎಂದು ಚಿಕ್ಕಪ್ಪ ಐದನೆಯ ಗುಡ್ಡೆಗೆ ಕೈ ಹಾಕಿದರು. ದೊಡ್ಡಪ್ಪ ಎಂದೂ ಇಲ್ಲದೆ ಅವರ ಕೈ ಹಿಡಿದುಕೊಂಡರು.

"ಬುಡ್ಲಾ. ನಾಕು ಅಂದ್ರೆ ಶೇಷ ಉಳೀತದೆ."

"ಏನು ಉಳಿಯೋದು?"

"ತಂಗಿ ಉಳೀತಾಳೆ ಕಣ್ಲಾ."

ಮನೆಯವರ ಮಾತು ಮೀರಿ, ಇಷ್ಟಪಟ್ಟವನನ್ನು ಕಟ್ಟಿಕೊಂಡು ಗೋಪಿನಾಥಂ ಸೇರಿದ, ನಾಲ್ವರಿಗೂ ಒಬ್ಬರೇ ತಂಗಿ, ನನ್ನ ಸೋದರತ್ತೆ. ನಾನು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಅವರ ಹೆಸರೆತ್ತಿದವರಿಲ್ಲ. ಮೂರು ವರ್ಷ ಅವರ ಪಾಲನ್ನು ನಾವು ನಗುನಗುತ್ತಾ ಹಂಚಿಕೊಂಡಿದ್ದೆವು! ನನಗೆ ನಾಚಿಕೆಯಾಯಿತು.

ಅತ್ತೆ ಹೊರಟ ದಿನ ಬಾಗಿಲು ಹಾಕಿದವರು ನಮ್ಮಪ್ಪನೇ ಎಂದು ಊರವರ ಬಾಯಲ್ಲಿ ಕೇಳಿದ್ದೆ. ಅಪ್ಪ ಒಂದು ಗೋಣಿಚೀಲ ಕೊಡವಿ ತಂದರು.

"ಗೋಪಿನಾಥಕ್ಕೆ ಬಸ್ಸು ಎಷ್ಟೊತ್ಗಣ್ಣ?"

ದೊಡ್ಡಪ್ಪ ಬಾಯಿ ತೆರೆದರು. ಒಂದು ಅಂಕಿಯೂ ಹೊರಡಲಿಲ್ಲ. ಟವೆಲನ್ನು ಮುಖಕ್ಕೆ ಒತ್ತಿಕೊಂಡು ಹುಣಸೆಹಣ್ಣಿನ ಪಕ್ಕದಲ್ಲೇ ಕುಸಿದು ಕೂತರು. ಅಪ್ಪ ಚೀಲದ ಬಾಯಿ ಅಗಲಿಸಿ ಹಿಡಿದರು. ಚಿಕ್ಕಪ್ಪ ತಮ್ಮ ಗುಡ್ಡೆಯಿಂದಲೂ ಎರಡು ಬೊಗಸೆ ತೆಗೆದು ಅದರೊಳಗೆ ಹಾಕಿದರು.