ಮೂಗಿನ ನರುಳ್ಳೆಯೂ ಮೆಣಸಿನ ಹರಕೆಯೂ

ನಿವೃತ್ತ ಮೇಷ್ಟ್ರೊಬ್ಬ ಲೇಸರಿಗೆ ಮೂಗು ಕೊಟ್ಟು, ಕೊನೆಗೆ ಮೊರ ಹಿಡಿದು ಕೂತ. ನಡುವೆ ಏನಾಗಿರಬಹುದು, ಹೇಳಿ ನೋಡೋಣ? ಆಗಲಿಲ್ಲ ತಾನೇ! ಆ ಮೇಷ್ಟ್ರು ನಾನೇ. ಮಲಯಾಳ ನಾಡಿನ ನಮ್ಮ ಪುಲ್ಪಳ್ಳಿಯಲ್ಲಿ ಇಂಥವೆಲ್ಲ ವಿಳಾಸ ಕೇಳಿಕೊಂಡು ನಮ್ಮ ಮನೆಗೇ ಬರುತ್ತವೆ.

೧. ಕತ್ತಿ

ಮೂಗಿನ ತುದಿಯಲ್ಲಿ ನರುಳ್ಳೆ, ಅಂದರೆ ನರಹುಲಿ, ಬೆಳೆದಿತ್ತು. ಮೊದಲು ತೋರಿಸಿದ ಡಾಕ್ಟರು, "ಕೊಯ್ದು ಹೊಲಿಗೆ ಹಾಕೋಣ" ಅಂದರು. ಬಾಗಿಲಲ್ಲಿ ಬಿಟ್ಟ ಚಪ್ಪಲಿಯೂ ನೆನಪಾಗದೆ ಓಡಿಬಂದು ಬಸ್ಸು ಹತ್ತಿದೆ. ಮನೆಯಲ್ಲಿ ಹೆಂಡತಿ ಬರಿಗಾಲು ನೋಡಿ, "ಏನ್ರೀ, ಮೂಗು ಉಳಿಸೋಕೆ ಚಪ್ಪಲಿ ಕೊಟ್ಟು ಬಂದ್ರಾ?" ಅಂದಳು.

೨. ಪಂದ್ಯ

ಮೀನಂಗಡಿ ಅನ್ನುವ ಊರಿನ ಆಸ್ಪತ್ರೆಯಲ್ಲಿ ಲೇಸರಿನಿಂದಲೇ ಸುಟ್ಟು ತೆಗೆಯುತ್ತಾರೆ, ಕತ್ತಿಯೂ ಇಲ್ಲ, ಹೊಲಿಗೆಯೂ ಇಲ್ಲ ಎಂದು ತಿಳಿಯಿತು. ನಾನು ಅಲ್ಲಿ ದಿನ ಗೊತ್ತುಮಾಡಿದೆ. ಹೆಂಡತಿ ದೇವಸ್ಥಾನಕ್ಕೆ ಉಪ್ಪು, ಮೆಣಸು ಒಪ್ಪಿಸುವ ಹರಕೆ ಹೊತ್ತಳು. ನರುಳ್ಳೆಗೆ ನಮ್ಮವರಲ್ಲಿ ಅದೇ ಮದ್ದು.

"ಹೋದರೆ ಲೇಸರಿಂದ," ಅಂದೆ.

"ಹೋದರೆ ದೇವರಿಂದ," ಅಂದಳು.

ಸೋತವರು ನಮ್ಮ ತೋಟದ ಈ ಸಲದ ಕರಿಮೆಣಸನ್ನೆಲ್ಲ ಕೇರಿ ಹಸನು ಮಾಡಬೇಕು. ತೀರ್ಪು ಯಾರದ್ದು? "ಆ ಲೇಸರ್ ಡಾಕ್ಟರೇ ಹೇಳಲಿ," ಅಂದಳು ಪುಣ್ಯಾತ್ಗಿತ್ತಿ. ನನಗೆ ಪಾಪ ಅನ್ನಿಸಿತು.

೩. ಇರುವೆ

ಡಾಕ್ಟರು ಕಣ್ಣಿಗೆ ಕಪ್ಪು ಕನ್ನಡಕ ತೊಡಿಸಿ, "ಇರುವೆ ಕಚ್ಚಿದ ಹಾಗೆ, ಅಷ್ಟೇ ಮಾಷೇ" ಅಂದರು; ಇಲ್ಲಿ ಮೇಷ್ಟ್ರು ಅಂದರೆ ಮಾಷ್. ಕಚ್ಚಿತು ನೋಡಿ, ಕಾಫಿ ಗಿಡದ ಕೆಂಪಿರುವೆಗಳೆಲ್ಲ ಮೂಗಿನ ಮೇಲೆ ಸಭೆ ಸೇರಿದ ಹಾಗೆ! ಸುಟ್ಟ ವಾಸನೆ ಹೊರಗೂ ಹೋಯಿತಂತೆ. ಹೆಂಡತಿ ನರ್ಸನ್ನು ಕರೆದು, "ಒಲೆ ಮೇಲೆ ಏನೋ ಸೀಯ್ತಿದೆ ನೋಡು ಮೋಳೇ, ನೋಡು ಮಗಳೇ" ಅಂದಳಂತೆ.

"ಅದು ನಮ್ಮ ಮಾಷ್, ಅಮ್ಮಾ."

೪. ತೀರ್ಪು

ಕೆಲವು ದಿನಕ್ಕೆ ಹೊಪ್ಪಳೆ ಉದುರಿ ಮೂಗು ನುಣ್ಣಗಾಯಿತು. ಹೆಂಡತಿ ಹರಕೆ ತೀರಿಸಲು ಬೆಳಿಗ್ಗೆಯೇ ಹೊರಟಳು. ಗೆದ್ದವನ ಗತ್ತಿನಲ್ಲಿ ನಾನೂ ಹೋದೆ. ದೇವಸ್ಥಾನದ ಸಾಲಿನಲ್ಲಿ ನಮ್ಮ ಮುಂದೆಯೇ ಆ ಲೇಸರ್ ಡಾಕ್ಟರು! ಕೈಯಲ್ಲಿ ಉಪ್ಪು, ಮೆಣಸಿನ ಪೊಟ್ಟಣ. ಪೊಟ್ಟಣ ಹಿಡಿದ ಬೆರಳಲ್ಲಿ ಕಡಲೆಕಾಳಿನಷ್ಟು ನರುಳ್ಳೆ.

"ಡಾಕ್ಟರೇ! ನಿಮ್ಮ ಹತ್ತಿರವೇ ಲೇಸರ್ ಇದೆಯಲ್ಲ!"

ಅವರು ಅತ್ತಿತ್ತ ನೋಡಿ ಪಿಸುಗುಟ್ಟಿದರು: "ಇರುವೆ ಕಚ್ಚಿದರೆ ನೋವಾಗಲ್ವಾ ಮಾಷೇ?"

ತೀರ್ಪು ಬಂದಾಯಿತು. ಮನೆಗೆ ಬಂದು ಹೆಂಡತಿ ನನ್ನ ಮುಂದೆ ಮೊರ ಇಟ್ಟಳು. ಇವತ್ತಿಗೂ ಕೇರುತ್ತಲೇ ಇದ್ದೇನೆ. ಹೊಸ ವರ್ಷದ ಬೆಳಿಗ್ಗೆ ಏನು ಕಂಡರೆ ವರ್ಷವೆಲ್ಲ ಅದೇ ಅಂತಾರಲ್ಲ, ನಾನು ಕಂಡದ್ದು ಮೆಣಸು. ಅವತ್ತು ವಿಷು.