ಟ್ಯಾಂಕಿನ ಬುಡದಲ್ಲೊಂದು ಬಂದರು

"ನಿಮ್ಮೂರಿಗೆ ಹೋಗೋದ್ಯಾಕೆ? ನಿಮ್ಮೂರನ್ನೇ ಇಲ್ಲಿಗೆ ತರ್ತೀನಿ!"

ಹೊಸಕೆರೆಹಳ್ಳಿಯ ಕೆಂಪರಾಜು ಹೆಂಡತಿಯ ಮುಂದೆ ಹೀಗೆ ಗುಡುಗಿದಾಗ ಕೈಯಲ್ಲಿ ಹೊಸ ವಾಟರ್ ಕಲರ್ ಡಬ್ಬಿ ಇತ್ತು. ವಾರಿಜಾಳ ತವರು ಕರಾವಳಿಯ ಸದ್ದಿಲ್ಲದ ಬಂದರು ಹಳ್ಳಿ. ಮೂರು ವರ್ಷದಿಂದ ಅವಳು "ಒಂದ್ಸಲ ಹೋಗ್ಬರೋಣ" ಅನ್ನುತ್ತಿದ್ದಳು. ಮೂರು ವರ್ಷದಿಂದ ಅವನು ಸಿಡುಕುತ್ತಿದ್ದ.

"ಸರಿ ಕಣ್ರೀ. ಚಿತ್ರ ನೋಡಿ ನಮ್ಮೂರೇ ಅನ್ನಿಸಿದ್ರೆ ಇನ್ನು ಊರಿನ ಮಾತೆತ್ತಲ್ಲ. ಇಲ್ದಿದ್ರೆ ಇವತ್ತೇ ಬಸ್ ಬುಕ್ ಮಾಡ್ಬೇಕು."

"ಆಯ್ತು! ಮೊದ್ಲು ಆ ಮಿಕ್ಸಿ ನಿಲ್ಲಿಸು! ಪ್ರಶಾಂತವಾದ ಹಳ್ಳಿ ಬರೀಬೇಕು ನಾನು!"

ಮಿಕ್ಸಿ ನಿಂತಿತು, ಕುಕ್ಕರ್ ಕೂಗಿತು. ಕೆಂಪರಾಜು ಕುಕ್ಕರಿಗಿಂತ ಜೋರಾಗಿ ಕೂಗಿದ. ಕೊನೆಗೆ ಟ್ಯಾಂಕಿಗೆ ನೀರೇರಿಸಲು ಸಂಪಿನ ಮೋಟರ್ ಹಾಕಿ, "ಮುಗಿಯೋ ತನಕ ಯಾರೂ ನನ್ನ ಕರೀಕೂಡ್ದು! ಕರೆದ್ರೆ ಜೋಕೆ!" ಎಂದು ಅಬ್ಬರಿಸಿ ಮೆಟ್ಟಿಲು ಹತ್ತಿದ. ಮೆಟ್ಟಿಲ ಪಕ್ಕದಲ್ಲಿ ಬಾಡಿಗೆಯವರಿಗಾಗಿ ಅವನೇ ತೂಗುಹಾಕಿದ ಬೋರ್ಡಿತ್ತು: 'ಟ್ಯಾಂಕ್ ತುಂಬಿ ಹರಿಸಿದವರೇ ಮೆಟ್ಟಿಲು ಒರೆಸತಕ್ಕದ್ದು.' ಕೆಳಗೆ ಎರಡು ಕೆಂಪು ಗೆರೆ ಬೇರೆ!

ತಾರಸಿಯಲ್ಲಿ ನೆರಳಿದ್ದದ್ದು ಟ್ಯಾಂಕಿನ ಬುಡದಲ್ಲಿ ಮಾತ್ರ. ಅಲ್ಲೇ ಕೂತ. ಆಕಾಶ ಬಂತು. ಮೂರು ದೋಣಿ ಬಂದವು, ಒಂದು ಹವಾಯಿ ಚಪ್ಪಲಿಯಂತಿತ್ತು, ಇರಲಿ. ಕೆಂಪು ಹೆಂಚಿನ ಮನೆಗಳೆದ್ದವು. ಉಸಿರು ಬಿಗಿಹಿಡಿದು ವಾರಿಜಾಳ ತವರುಮನೆಗೆ ಕಿಟಕಿ ಇಟ್ಟ. ಅಷ್ಟರಲ್ಲಿ ತಲೆಯ ಮೇಲೆ ಗುಳುಗುಳು ಸದ್ದು. ಆಹಾ! ನಿಜವಾದ ಕಲಾವಿದನಿಗೆ ಅಲೆಯೂ ಕೇಳಿಸುತ್ತೆ!

ಮೊದಲ ಮಹಡಿಯ ಬಾಡಿಗೆಯಾಕೆ ಲಕ್ಕವ್ವ ಬಟ್ಟೆ ತೆಗೆಯಲು ಬಂದಳು. "ಅಣ್ಣಾರ, ನೀರು..."

"ಸಮುದ್ರ ಅಂದ್ಮೇಲೆ ನೀರಿರಲ್ವೇನಮ್ಮಾ?"

"ಹಂಗಲ್ರೀ, ತುಂಬೇತ್ರಿ..."

"ಎಲ್ಲಿ ತುಂಬ್ತು? ಇನ್ನೂ ಅರ್ಧ ಕಾಗದ ಖಾಲಿ ಇದೆ! ಹೋಗಮ್ಮಾ ಸುಮ್ನೆ!"

"ಆತ್ ಬಿಡ್ರಿ." ಲಕ್ಕವ್ವ ಬಟ್ಟೆ ಬಾಚಿಕೊಂಡು, ಸೀರೆ ಎತ್ತಿ ಹಿಡಿದು, ದಡದಡ ಇಳಿದಳು.

ಟ್ಯಾಂಕ್ ಉಕ್ಕಿತು! ನೆತ್ತಿಯ ಮೇಲೊಂದು ಅಲೆ, ಕಾಗದದ ಮೇಲೆ ಹತ್ತು! ಆಕಾಶ ಸಮುದ್ರಕ್ಕಿಳಿಯಿತು, ಹೆಂಚುಗಳು ಕರಗಿದವು, ವಾರಿಜಾಳ ತವರು ಕಿಟಕಿ ಸಮೇತ ಮೆಟ್ಟಿಲಿಳಿದು ಹೊರಟಿತು. ಹಿಂದೆಯೇ ಒದ್ದೆ ಕಾಗದ ಹಿಡಿದ ಕೆಂಪರಾಜು, ಅರ್ಧ ಓಡುತ್ತ, ಅರ್ಧ ಜಾರುತ್ತ.

ಕೆಳಗೆ ಬಾಗಿಲಲ್ಲಿ ಚಪ್ಪಲಿಗಳು ತೇಲುತ್ತಿದ್ದವು. ವಾರಿಜಾ ಮೋಟರ್ ಆಫ್ ಮಾಡಿ ನಿಂತಿದ್ದಳು.

"ಯಾಕೆ ಕರೀಲಿಲ್ಲ ನನ್ನ?" ಅವನ ಮೀಸೆಯಿಂದ ನೀಲಿ ತೊಟ್ಟಿಕ್ಕುತ್ತಿತ್ತು.

"ಕರೆದ್ರೆ ಜೋಕೆ ಅಂದೋರು ಯಾರು?" ಅವಳು ಕಾಗದ ಕಸಿದುಕೊಂಡು ದಿಟ್ಟಿಸಿದಳು. "ನಮ್ಮನೆ ಎಲ್ರೀ?"

ಕೆಂಪರಾಜು ಮೂರನೇ ಮೆಟ್ಟಿಲಿನತ್ತ ಬೆರಳು ತೋರಿಸಿದ. ಅಲ್ಲಿ ಕೆಂಪು ನೀರೊಂದಿಷ್ಟು ನಿಂತಿತ್ತು.

"ಬಸ್ ಬುಕ್ ಮಾಡಿ."

ಬೆಳಗಿನಿಂದ ಕೂಗಾಡಿದ್ದ ಗಂಟಲು ಮೊದಲ ಸಲ ಮೆತ್ತಗಾಯಿತು. "ಎರಡು ಸೀಟು ತಾನೇ?"

ಲಕ್ಕವ್ವ ಒಂದು ಬಕೆಟ್ಟು, ಒಂದು ಬಟ್ಟೆ ತಂದು ಬೋರ್ಡಿನ ಕೆಳಗೆ ಇಟ್ಟಳು.

"ಒಂದೇ ಸಾಕು," ಎಂದಳು ವಾರಿಜಾ. "ನೀವು ಇಲ್ಲಿಗೆ ತಂದಿರೋ ನಮ್ಮೂರನ್ನ ಒರೆಸೋಕೆ ಒಬ್ರು ಬೇಕಲ್ಲ!"