ಕಾರಿನೊಳಗಿನ ಗೂಟ

ತಪ್ಪು ಮಾಡಿದವರು ಅದನ್ನು ಒಪ್ಪಿಕೊಂಡು ಹಗುರಾಗಬಹುದು. ಪೆದ್ದುತನ ಮಾಡಿದವರಿಗೆ ಆ ಅನುಕೂಲವಿಲ್ಲ. ಒಪ್ಪಿಕೊಂಡ ದಿನದಿಂದಲೇ ಭಾರ ಶುರುವಾಗುತ್ತದೆ. ಅದಕ್ಕೇ ನನ್ನದೊಂದು ಪೆದ್ದುತನವನ್ನು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೇನೆ. ಮೊನ್ನೆ ನಿಮ್ಮಪ್ಪನ ಕಾರಿನಲ್ಲಿ ಹೋಗುವಾಗ ನೀವಿಬ್ಬರೂ, "ಅಜ್ಜಿ, ಚೀಲ ಯಾಕೆ ಹಂಗೆ ತಬ್ಕೊಂಡು ಕೂತಿದೀಯ? ಕೆಳಗಿಡು" ಎಂದು ನಕ್ಕಿರಿ. ಆಗ ನನಗೆ ಬಾಯಿ ಬರಲಿಲ್ಲ. ನಾಲ್ಕು ಜನರೆದುರು ನನಗೆ ಯಾವತ್ತೂ ಬಾಯಿ ಬಂದದ್ದಿಲ್ಲ. ಮಂಡಿಕಲ್ಲಿನ ಶಾಲೆಯಲ್ಲಿ ಮೇಷ್ಟ್ರು ತಿದ್ದಿಸಿದ ಅಕ್ಷರವಿದೆಯಲ್ಲ, ಬರೆದುಬಿಡುತ್ತೇನೆ.

ನಾನು ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದ ಎರಡನೆಯ ವರ್ಷ, ಐವತ್ತರ ದಶಕದ ಕೊನೆಯಿರಬೇಕು, ನಿಮ್ಮ ತಾತ ಒಂದು ವಿಲಾಯಿತಿ ಕಾರು ತಂದರು. ನಂದಿಯ ಕಡೆ ಬಂಗಲೆಯಲ್ಲಿದ್ದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಿದ್ದು. ಮಳೆಯಲ್ಲಿ ನೆಂದ ಎಮ್ಮೆಯ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಒಳಗೆ ಕೆಂಪು ತೊಗಲಿನ ಸೀಟು, ಮುಂದೆ ನುಣ್ಣನೆಯ ಮರದ ಹಲಗೆ, ಅದರಲ್ಲಿ ಗಡಿಯಾರದಂಥ ಐದು ಗಾಜಿನ ಬಿಲ್ಲೆ, ಬಿಲ್ಲೆಗಳ ಕೆಳಗೆ ಸಾಲಾಗಿ ದಂತದ ಬಣ್ಣದ ಗುಂಡಿಗಳು. "ಆರು ಸಿಲಿಂಡರು!" ಎಂದು ತಾತ ಬಂದವರಿಗೆಲ್ಲ ಹೇಳುತ್ತಿದ್ದರು. ಸಿಲಿಂಡರು ಎಂದರೇನೆಂದು ಕೇಳಲು ನಾಚಿಕೆ. ಚಕ್ರವೇ ಇರಬೇಕೆಂದುಕೊಂಡು ಯಾರೂ ಇಲ್ಲದಾಗ ಸುತ್ತಿ ಎಣಿಸಿದೆ. ಸ್ಟೆಪ್ನಿ ಸೇರಿಸಿದರೂ ಐದೇ ಆಯಿತು. ಪಾಪ, ದೊರೆ ಇವರಿಗೆ ಒಂದು ಕಡಿಮೆ ಕೊಟ್ಟು ಮೋಸ ಮಾಡಿದ್ದಾನೆಂದು ಮನಸ್ಸಿನಲ್ಲೇ ನೊಂದುಕೊಂಡೆ.

ಆಯುಧಪೂಜೆಗೆ ನಮ್ಮತ್ತೆ ಐದು ಬಿಲ್ಲೆಗಳಿಗೂ ಮೂರು ಮೂರು ಪಟ್ಟೆ ವಿಭೂತಿ ಎಳೆದು ನಡುವೆ ಕುಂಕುಮವಿಟ್ಟರು. ತಾತ ಬಂದು ನೋಡಿ, "ಅಯ್ಯೋ ಅಮ್ಮಾ, ಎಷ್ಟು ಸ್ಪೀಡಲ್ಲಿ ಹೋಗ್ತಿದೀನಿ ಅಂತ ನಂಗೆ ಕಾಣ್ಬೇಡ್ವಾ?" ಎಂದರು. "ದೇವ್ರಿಗೆ ಕಂಡ್ರೆ ಸಾಕು ಕಣೋ, ನೀನು ರಸ್ತೆ ನೋಡು" ಎಂದರು ಅತ್ತೆ. ಅಂಥ ಅತ್ತೆ ನನಗೆ.

ಕಾರಿನಲ್ಲಿ ಹಿಂದಿನ ಸೀಟು ಪೂರ್ತಿ ಅತ್ತೆಯದು. ಗುಡಿಗೆ ಹೋಗುವಾಗ ಪಕ್ಕದಲ್ಲಿ ತಂಬಿಟ್ಟಿನ ತಟ್ಟೆ ಇರುತ್ತಿತ್ತು. ಅದನ್ನು ಯಾರೂ ಸೋಕುವಂತಿರಲಿಲ್ಲ. ಹಾಗಾಗಿ ನಾನು ಮುಂದೆ, ತಾತನ ಪಕ್ಕ. ಹಾಡುಹಗಲಲ್ಲಿ, ಪೇಟೆಯ ಬೀದಿಯಲ್ಲಿ, ಗಂಡನ ಪಕ್ಕ! ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ತಲೆ ತಗ್ಗಿಸಿ ಕೂತರೆ ಕಣ್ಣಿಗೆ ಬೀಳುವುದು ಆ ಗುಂಡಿಗಳು ಮಾತ್ರ. ನನಗೆ ಕಾರಿನಲ್ಲಿ ಹೊಟ್ಟೆ ತೊಳಸುತ್ತಿತ್ತು; ಅದಕ್ಕೆ ನಿಂಬೆಹಣ್ಣು, ಹುಣಸೆಹಣ್ಣು, ವೀಳ್ಯದೆಲೆ ತುಂಬಿದ ಬಟ್ಟೆಯ ಚೀಲ ಜೊತೆಗಿರುತ್ತಿತ್ತು. ಅದನ್ನು ಎಲ್ಲಿಡುವುದು? ನನ್ನ ಕಡೆಯ ಕೊನೆಯ ಗುಂಡಿಯನ್ನು ಎಳೆದರೆ ಬೆರಳುದ್ದ ಹೊರಗೆ ಬಂದು ಗಟ್ಟಿಯಾಗಿ ನಿಲ್ಲುತ್ತಿತ್ತು. ಒಳ್ಳೆ ಗೂಟ! ಮಂಡಿಕಲ್ಲಿನ ನಮ್ಮ ಮನೆಯಲ್ಲಿ ಅಪ್ಪನ ಪೇಟಕ್ಕೊಂದು, ಜರಡಿಗೊಂದು, ಕೊಡೆಗೊಂದು ಗೂಟವಿತ್ತು. ದೊರೆಗಳೂ ನಮ್ಮಂಥವರೇ, ಚೀಲಕ್ಕೆಂದು ಗೂಟ ಮಾಡಿಸಿದ್ದಾರೆ ಎಂದು ಖುಷಿಯಾಗಿ ನೇತುಹಾಕಿದೆ. ಹೊಟ್ಟೆ ತೊಳಸುವುದು ತಾತನಿಗೆ ತಿಳಿಯದಿರಲೆಂದು ಅದಕ್ಕೆ ಸೆರಗಿನ ಮರೆ ಮಾಡುತ್ತಿದ್ದೆ. ಇಳಿಯುವಾಗ ಚೀಲ ತೆಗೆದುಕೊಂಡು ಗೂಟವನ್ನು ಒಳಗೆ ತಳ್ಳುತ್ತಿದ್ದೆ. ಹೊರಗಿದ್ದರೆ ಯಾರ ಸೀರೆಯಾದರೂ ಸಿಕ್ಕಿ ಹರಿದೀತು ಅಂತ.

ಆಮೇಲೆ ಶುರುವಾಯಿತು ರಗಳೆ. ನಾಲ್ಕೈದು ಮೈಲಿ ಹೋಗುವಷ್ಟರಲ್ಲಿ ಕಾರು ಕಪ್ಪು ಹೊಗೆ ಉಗುಳಿ, ಕೆಮ್ಮಿ, ಮೈ ಕೊಡವಿ ನಿಂತುಬಿಡುತ್ತಿತ್ತು. ಎಲ್ಲರೂ ಇಳಿದು ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂರುವುದು. ತಾತ ಬಾನೆಟ್ಟಿನೊಳಗೆ ತಲೆ ಹಾಕುವುದು. ಅರ್ಧ ಗಂಟೆ ಕಳೆದರೆ ತಾನೇ ಹೊರಡುತ್ತಿತ್ತು; ನಾನು ಹತ್ತಿ ಕೂತು ಚೀಲ ನೇತುಹಾಕಿದರೆ ಮತ್ತೆ ಮುಂದೆಲ್ಲೋ ನಿಲ್ಲುತ್ತಿತ್ತು. ಚಿಕ್ಕಬಳ್ಳಾಪುರದ ಮೆಕ್ಯಾನಿಕ್ ದಸ್ತಗೀರ್ ಸಾಬರು ಇಂಜಿನ್ನಿನ ಕರುಳನ್ನೆಲ್ಲ ಹೊರಗೆ ತೆಗೆದು ನೋಡಿ ತಲೆ ಕೆರೆದುಕೊಂಡರು. "ಇಂಜಿನ್ ರಾಜನಂಗೈತೆ ಸ್ವಾಮಿ. ಪೆಟ್ರೋಲ್ ಮಾತ್ರ ಕಂಠಪೂರ್ತಿ ಕುಡಿದ್ಬಿಡ್ತದೆ. ಯಾಕ್ ಕುಡೀತು ಅಂತ ಅದನ್ನೇ ಕೇಳ್ಬೇಕು" ಎಂದರು.

ಅತ್ತೆ ಯಾರನ್ನೂ ಕೇಳಲಿಲ್ಲ, ತಾವೇ ಕಂಡುಹಿಡಿದರು. ನಾನಿಲ್ಲದೆ ಚಿಂತಾಮಣಿಗೆ ಹೋಗಿಬಂದರು, ಗೌರಿಬಿದನೂರಿಗೆ ಹೋಗಿಬಂದರು. ಕಾರು ಒಂದು ಸಲವೂ ಕೆಮ್ಮಲಿಲ್ಲ. "ಏನೋ ಕಿಟ್ಟಪ್ಪ, ನಾವ್ ಹೋದ್ರೆ ನೆಟ್ಟಗ್ ಓಡುತ್ತೆ, ಇವ್ಳು ಕೂತ್ರೆ ನಿಂತ್ಕೊಳುತ್ತೆ. ಇದು ಇಂಜಿನ್ನಿನ ದೋಷಾನಾ?" ಎಂದು ನಡುಮನೆಯಲ್ಲಿ ಮಗನನ್ನು ಕೇಳಿದರು. ತಾತ, "ಸುಮ್ನಿರಮ್ಮ" ಎಂದರಾದರೂ ಅವರ ದನಿಯಲ್ಲಿ ಜೀವವಿರಲಿಲ್ಲ. ನನ್ನ ಕಾಲ್ಗುಣ ಸರಿಯಿಲ್ಲವೆಂದು ಬೀದಿಯವರೆಲ್ಲ ಮಾತಾಡಿಕೊಳ್ಳತೊಡಗಿದರು. ಪಕ್ಕದ ಮನೆಯ ನಾಗಮ್ಮ ರೇಷ್ಮೆಹುಳು ಸಾಕಿದ್ದ ಕೋಣೆಗೆ ನನ್ನನ್ನು ಬಿಡದೆ ಬಾಗಿಲಲ್ಲೇ ನಿಲ್ಲಿಸಿದಳು. ನಾನೂ ನಂಬಿಬಿಟ್ಟೆ, ಮಕ್ಕಳೇ. ಆರು ಸಿಲಿಂಡರಿನ ಕಾರು ಸುಳ್ಳು ಹೇಳುತ್ತದೆಯೇ?

ಅಷ್ಟರಲ್ಲಿ ನನ್ನ ತಂಗಿ ಪಾರ್ವತಿಯ ಮದುವೆ ಬಂತು. ಮಂಡಿಕಲ್ಲಿನಿಂದ ಚಿಕ್ಕಬಳ್ಳಾಪುರದ ಛತ್ರಕ್ಕೆ ಮದುವಣಗಿತ್ತಿಯನ್ನು ನಮ್ಮ ಕಾರಿನಲ್ಲೇ ಕರೆದೊಯ್ಯುವುದೆಂದು ಮಾತಾಗಿತ್ತು. "ಅಕ್ಕ ಕೂರ್ದಿದ್ರೆ ನಾನೂ ಕಾರ್ ಹತ್ತಲ್ಲ" ಎಂದು ಪಾರು ಹಟ ಹಿಡಿದಳು. "ದಾರೀಲಿ ನಿಂತು ಮುಹೂರ್ತ ಮೀರಿದ್ರೆ? ಇವ್ಳು ಬಸ್ಸಲ್ಲಿ ಬರ್ಲಿ" ಎಂದರು ಅತ್ತೆ. ಸ್ವಂತ ತಂಗಿಯ ಮದುವೆಗೆ ಅಪಶಕುನದ ಹಾಗೆ ಹಿಂದಿನ ಬಸ್ಸಿನಲ್ಲಿ ಹೋಗುವುದು! ಉಗ್ರಾಣದಲ್ಲಿ ಬೆಲ್ಲದ ಮೂಟೆಗೆ ಒರಗಿ ಅತ್ತುಬಿಟ್ಟೆ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಕಾರು ನಮ್ಮಪ್ಪನ ಅಂಗಳದಲ್ಲಿ ನಿಂತಿತ್ತು, ಸುತ್ತ ನೆಂಟರು. ನಾನು ಕಾಫಿ ಲೋಟಗಳ ತಟ್ಟೆ ಹಿಡಿದು ಹೋದಾಗ ಅಪ್ಪ ಕಾರಿನೊಳಗೆ ಬಗ್ಗಿ, "ಅಳಿಯಂದ್ರೇ, ಇದೇನು ಈ ಕಡೇದು?" ಎಂದು ಕೇಳುತ್ತಿದ್ದರು.

"ಅದು ಚೋಕು, ಮಾವ" ಎಂದರು ತಾತ. "ಬೆಳಿಗ್ಗೆ ಚಳೀಲಿ ಇಂಜಿನ್ ಏಳಲ್ಲ ನೋಡಿ, ಆಗ ಇದನ್ನ ಎಳೀಬೇಕು. ಗಾಳಿ ಕಮ್ಮಿಯಾಗಿ ಪೆಟ್ರೋಲ್ ಜಾಸ್ತಿ ಹೋಗುತ್ತೆ. ಎದ್ದ ಮೇಲೆ ಒಳಗೆ ತಳ್ಬಿಡ್ಬೇಕು."

"ತಳ್ಳದೇ ಇದ್ರೆ?"

"ಕಪ್ಪು ಹೊಗೆ ಬಂದು, ಕೆಮ್ಮಿ ಕೆಮ್ಮಿ ನಿಂತೇಹೋಗುತ್ತೆ. ಬಿಸಿ ಇಂಜಿನ್ನಲ್ಲಿ ಚೋಕು ಎಳೆಯೋ ಅಂಥ ಪೆದ್ದರು ಯಾರಿದಾರೆ ಬಿಡಿ."

ಬೆರಳು ತೋರಿಸಿದ್ದು ನನ್ನ ಗೂಟಕ್ಕೆ! ತಟ್ಟೆಯ ಸಮೇತ ಎರಡು ಹೆಜ್ಜೆ ಹಿಂದೆ ಸರಿದೆ. "ಯಾಕಮ್ಮ ಸರೋಜ, ಹಿಂದಕ್ಕೆ ಹೋಗ್ತಿದೀಯ?" ಎಂದರು ಅಪ್ಪ. "ಕಾಫಿ ಬಿಸಿ ಅಪ್ಪ" ಎಂದೆ. ಹೇಳಿಬಿಡಲೇ ಅನ್ನಿಸಿತು. ಹೇಳಿದರೆ ಕಾಲ್ಗುಣದ ಅಪವಾದ ಆ ಕ್ಷಣವೇ ಹೋಗುತ್ತಿತ್ತು, ನಿಜ. ಆದರೆ ಆ ನೆಂಟರ ಗುಂಪು ನನ್ನ ಮೊಮ್ಮಕ್ಕಳ ಕಾಲದವರೆಗೂ ಚೀಲದ ಕಥೆ ಹೇಳಿಕೊಂಡು ನಗುತ್ತಿತ್ತು. ಬಾಯಿ ಬರಲಿಲ್ಲ. ಅದರ ಬದಲು ಒಳಗೆ ಹೋಗಿ, ಜೀವಮಾನದಲ್ಲೇ ಮೊದಲ ಸಲ ಅತ್ತೆಯ ಮುಂದೆ ತಲೆಯೆತ್ತಿ, "ನಾನೂ ಕಾರಲ್ಲೇ ಬರ್ತೀನಿ ಅತ್ತೆ" ಎಂದೆ.

"ನಿಂತ್ರೆ?"

"ನಿಲ್ಲಲ್ಲ."

"ಅದೆಂಗ್ ಹೇಳ್ತೀಯೇ?"

"ಹಂಗನ್ಸುತ್ತೆ."

ಅತ್ತೆ ನನ್ನನ್ನೇ ನೋಡಿದರು. ದೇವರು ಬಂದವಳನ್ನು ನೋಡುವ ಹಾಗೆ ನೋಡಿ, ಕೈ ಮುಗಿದು, "ಆಗ್ಲಿ. ನಿಲ್ದೆ ಹೋದ್ರೆ ನೀನು ಬರಿಗಾಲಲ್ಲಿ ನಂದಿ ಬೆಟ್ಟ ಹತ್ತಿ ಈಶ್ವರನಿಗೆ ಹಣ್ಣುಕಾಯಿ ಮಾಡಿಸ್ಬೇಕು. ಹರಕೆ ಕಟ್ಕೊಂಡಿದೀನಿ" ಎಂದರು. ಹರಕೆ ಅವರದು, ಕಾಲು ನನ್ನದು.

ಮರುದಿನ ಚೀಲವನ್ನು ಎಳೆಗೂಸಿನಂತೆ ಅವಚಿಕೊಂಡು ಕೂತೆ. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಪೆರೇಸಂದ್ರ ದಾಟಿ ಮುಹೂರ್ತಕ್ಕೆ ಎರಡು ಗಂಟೆ ಮುಂಚೆಯೇ ಛತ್ರದ ಮುಂದೆ ನಿಂತಿತು. "ಕಾರ್ಬುರೇಟರು ನಾನೇ ಸರಿಮಾಡಿದ್ದು" ಎಂದು ತಾತ ಮೀಸೆ ತಿರುವಿದರು. ಊಟಕ್ಕೆ ಬಂದಿದ್ದ ದಸ್ತಗೀರ್ ಸಾಬರು, "ನಾನ್ ಹಾಕಿದ ಪ್ಲಗ್ ಅಂದ್ರೆ ಸುಮ್ನೇನಾ?" ಎಂದರು. ಅತ್ತೆ ಇಬ್ಬರನ್ನೂ ನೋಡಿ ನಕ್ಕು ಬೆಟ್ಟದ ಕಡೆಗೆ ಕೈ ಮುಗಿದರು.

ಹರಕೆ ತೀರಿಸುವ ದಿನ ಉಳಿದವರೆಲ್ಲ ಕಾರಿನಲ್ಲಿ ಸುತ್ತುದಾರಿ ಹಿಡಿದು ಮೇಲೆ ಹೋದರು. ನಾನು ಕಾದ ಕಲ್ಲಿನ ಮೆಟ್ಟಿಲು ಹತ್ತಿದೆ. ಬಾಳೆಹಣ್ಣನ್ನು ಕೋತಿ ಕಿತ್ತುಕೊಂಡಿತು. ದೇವರಿಗೆ ತೆಂಗಿನಕಾಯಿ ಮಾತ್ರ ಸಂದಿತು. ಮೇಲೆ ಅತ್ತೆ ಬಾನೆಟ್ಟು ಸವರುತ್ತಾ, "ನೋಡಿದ್ಯೇನೇ, ಏಮಿ ಮಹಿಮ! ಇನ್ಮೇಲೆ ವರ್ಷಾ ವರ್ಷ ಹತ್ಬಿಡು" ಎಂದರು. ಕಾರು ಮಾರುವವರೆಗೂ ಒಂಬತ್ತು ವರ್ಷ ಹತ್ತಿದೆ. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದು ಮೆಟ್ಟಿಲುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಿದ್ದೆ. ಮೇಲೆ ತಲುಪುವಷ್ಟರಲ್ಲಿ ಉಸಿರೇ ಇರುತ್ತಿರಲಿಲ್ಲ, ಮಾತೆಲ್ಲಿಂದ ಬರಬೇಕು?

ಈಗ ಬರೆದಿದ್ದೇನೆ, ಓದಿ ನಕ್ಕುಬಿಡಿ. ನಿಮ್ಮಪ್ಪನಿಗೆ ಮಾತ್ರ ತೋರಿಸಬೇಡಿ. ಅವನು ಹುಟ್ಟಿದ್ದು ನಾನು ಬೆಟ್ಟ ಹತ್ತುತ್ತಿದ್ದ ನಾಲ್ಕನೆಯ ವರ್ಷ. ತನ್ನಂಥ ಮಗ ಬೇಕೆಂದೇ ಅಮ್ಮ ಬರಿಗಾಲಲ್ಲಿ ನಂದಿ ಹತ್ತಿದಳೆಂದು ಬಂದವರಿಗೆಲ್ಲ ಕಣ್ಣು ಒದ್ದೆ ಮಾಡಿಕೊಂಡು ಹೇಳುತ್ತಾನೆ. ಅವನು ಹಾಗೆ ಹೇಳುವಾಗ ನಾನು ಪಕ್ಕದಲ್ಲೇ ಇರುತ್ತೇನೆ. ತಲೆ ತಗ್ಗಿಸಿ, ಹೌದೆನ್ನುವ ಹಾಗೆ ಸುಮ್ಮನೆ ಕೂತಿರುತ್ತೇನೆ.